ಸುಮಿತ್ರಮ್ಮನ ಕೆಂಪು ಡೇರೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರೂ ತಾಲ್ಲೂಕುಗಳಲ್ಲಿ ಸುಮಿತ್ರಮ್ಮನ ಸ್ಕೂಟರು ಹತ್ತದ ಏರಿಲ್ಲ, ಸುಮಿತ್ರಮ್ಮ ಕುಡಿಯದ ಕಾಫಿಯಿಲ್ಲ. ಮನೆಗೆ ಬಂದವರು ಏನೂ ಕುಡಿಯದೆ ಎದ್ದು ಹೋದರೆ ಅದು ಮನೆಯವರ ಮೂಗು ಕೊಯ್ದಂತೆ ಎಂಬುದು ಈ ಸೀಮೆಯ ಕಾನೂನು. ಹಾಗಾಗಿ ಆಕೆ ಒಂದು ವರ್ಷದಲ್ಲಿ ಕುಡಿಯುವ ಕಾಫಿಯನ್ನು ಒಂದೇ ಸಲ ತುಂಗೆಗೆ ಸುರಿದರೆ ಕೆಳಗಿನ ಊರುಗಳಲ್ಲಿ ಮೀನುಗಳಿಗೂ ನಿದ್ದೆ ಬರುವುದಿಲ್ಲ ಎನ್ನುತ್ತಾರೆ.

ಸುಮಿತ್ರಮ್ಮ ನರ್ಸು. ಸೂಜಿ ಚುಚ್ಚಿ ಹತ್ತಿ ಒತ್ತುವ ನರ್ಸಲ್ಲ, ಮನಸ್ಸಿನ ಕಾಯಿಲೆಯ ವಿಭಾಗದ ನರ್ಸು. ಜಿಲ್ಲೆಯಿಂದ ಡಾಕ್ಟರು ವಾರಕ್ಕೊಮ್ಮೆ ತಾಲ್ಲೂಕು ಆಸ್ಪತ್ರೆಗೆ ಬಂದು, ಸಾಲುಗಟ್ಟಿ ಕೂತವರನ್ನು ನೋಡಿ, ಗುಳಿಗೆ ಬರೆದುಕೊಟ್ಟು ಹೋಗುತ್ತಾರೆ. ಬರೆದ ಗುಳಿಗೆ ಗಂಟಲಿಗೆ ಇಳಿಯಿತೋ, ಕೊಟ್ಟಿಗೆಯ ಹಿಂದಿನ ಗೊಬ್ಬರಗುಂಡಿಗೆ ಬಿತ್ತೋ ಎಂದು ಉಳಿದ ದಿನಗಳಲ್ಲಿ ಮನೆಮನೆಗೆ ಹೋಗಿ ನೋಡುವುದು ಸುಮಿತ್ರಮ್ಮನ ಪಾಲು. ನಿದ್ದೆ ಬಂತೇ, ಊಟ ಸೇರಿತೇ, ಬಾಯಿ ಒಣಗುತ್ತದೆಯೇ, ಕೈ ನಡುಗುತ್ತದೆಯೇ ಎಂದು ಕೇಳಬೇಕು. "ಧೈರ್ಯ ತಗಳಿ, ಎಲ್ಲ ಸರಿ ಆಗ್ತದೆ" ಎಂದು ಬೆಳಗಿನಿಂದ ಸಂಜೆಯವರೆಗೆ ರೋಗಿಯ ತಲೆ ತಿನ್ನುವ ನೆಂಟರಿಗೆ ಸುಮ್ಮನಿರುವುದು ಹೇಗೆಂದು ಕಲಿಸಬೇಕು. ಈ ಕೊನೆಯ ಕೆಲಸ ಎಲ್ಲಕ್ಕಿಂತ ಕಷ್ಟ.

ಅದಕ್ಕೂ ಕಷ್ಟವಾದದ್ದು ಮನೆಯೊಳಗೆ ಕಾಲಿಡುವುದು. ಈ ಕಡೆಯ ಜನ ಶುಗರು, ಬಿ.ಪಿ., ಮಂಡಿನೋವಿನ ಸುದ್ದಿಯನ್ನು ಸಂತೆಯಲ್ಲಿ ಕೂಗಿ ಹೇಳುತ್ತಾರೆ. ಮೂಲವ್ಯಾಧಿಯ ಆಪರೇಷನ್ನಿನ ವಿವರವನ್ನು ಬಸ್ಸಿನಲ್ಲಿ ಅಪರಿಚಿತರಿಗೆ ಕೈಸನ್ನೆ ಸಮೇತ ತೋರಿಸುತ್ತಾರೆ. ಆದರೆ ಮಂಡೆಯ ಕಾಯಿಲೆ ಮಾತ್ರ ಬಾಯಿಗೆ ಸೆರಗು ಮುಚ್ಚಿಕೊಂಡು ಹೇಳುವ ವಿಷಯ. ಮೊದಮೊದಲು ಸುಮಿತ್ರಮ್ಮನ ಸ್ಕೂಟರು ಒಂದು ಮನೆಯ ದಣಪೆ ದಾಟಿದರೆ, ಇಂಜಿನ್ ತಣ್ಣಗಾಗುವ ಮೊದಲೇ ಸುದ್ದಿ ಬಾಳೆಹೊನ್ನೂರು ಮುಟ್ಟಿ ಅಲ್ಲಿಂದ ಇನ್ನಷ್ಟು ದಪ್ಪಗಾಗಿ ವಾಪಸು ಬರುತ್ತಿತ್ತು. ಹಾಗಾಗಿ ಒಂದು ಮನೆಯವರು ರೋಗಿಯನ್ನು ಅಟ್ಟಕ್ಕೆ ಹತ್ತಿಸಿ ಏಣಿ ತೆಗೆದಿಟ್ಟರು. ಇನ್ನೊಂದು ಮನೆಯವರು ನಾಯಿ ಬಿಟ್ಟರು. ಕಮ್ಮರಡಿ ಕಡೆಯ ಒಬ್ಬ ಹಿರಿಯರಂತೂ ಬಾಗಿಲಲ್ಲೇ ನಿಂತು, "ನೀವು ಕೇಳಿದೋರು ತೀರಿಹೋದ್ರಮ್ಮ" ಎಂದು ತಮ್ಮ ಸಾವಿನ ಸುದ್ದಿಯನ್ನು ತಾವೇ ಹೇಳಿ, ಕಣ್ಣೊರೆಸಿಕೊಂಡು, ಕಾಫಿ ಕೊಟ್ಟು ಕಳಿಸಿದರು.

ಸತ್ತವರ ಕೈಯಿಂದ ಕಾಫಿ ಕುಡಿದ ದಿನ ಸುಮಿತ್ರಮ್ಮನಿಗೆ ಡೇರೆ ಹೂವಿನ ಉಪಾಯ ಹೊಳೆಯಿತು.

ಹೂವಿನ ಗಿಡ ಕೇಳಿಕೊಂಡು ಹೆಂಗಸೊಬ್ಬಳು ಯಾರ ಮನೆಯಂಗಳಕ್ಕೆ ನುಗ್ಗಿದರೂ ಈ ಸೀಮೆಯಲ್ಲಿ ಯಾಕೆ ಎಂದು ಕೇಳುವವರಿಲ್ಲ. ಏಳು ವರ್ಷದಿಂದ ಮಾತು ಬಿಟ್ಟ ವಾರಗಿತ್ತಿಯರು ಕೂಡ ದಾಸವಾಳದ ರೆಂಬೆಗಾಗಿ ಒಂದು ಗಳಿಗೆ ಯುದ್ಧ ನಿಲ್ಲಿಸುತ್ತಾರೆ. ಸುಮಿತ್ರಮ್ಮನ ತವರಿನಲ್ಲಿ, ನರಸಿಂಹರಾಜಪುರದ ಹತ್ತಿರ, ಒಂದು ಕೆಂಪು ಡೇರೆ, ಪೇಟೆಯವರ ಬಾಯಲ್ಲಿ ಡೇಲಿಯಾ, ಇತ್ತು. ಹೂವು ಅಕ್ಕಿರೊಟ್ಟಿಯಗಲ. ಅದು ಅರಳಿದ ದಿನ ಹೊಸ ಡ್ರೈವರೊಬ್ಬ ಕೆಂಪು ದೀಪವೆಂದು ಬ್ರೇಕು ಹಾಕಿ, ಹಸಿರು ಬರಲೆಂದು ಕಾಯುತ್ತ ಕೂತಿದ್ದನಂತೆ. ಅದರ ಗೆಡ್ಡೆಗಳನ್ನು ಸ್ಕೂಟರಿನ ಮುಂದಿನ ಬುಟ್ಟಿಗೆ ತುಂಬಿಕೊಂಡು ಸುಮಿತ್ರಮ್ಮ ಹೊರಟರು. ರೋಗಿಯ ಮನೆಗೆ ಹೋಗುವುದು, ಅಂಗಳದಲ್ಲಿ ರೋಗಿಯೊಂದಿಗೆ ಕುಕ್ಕರಗಾಲಿನಲ್ಲಿ ಕೂತು ಗುಂಡಿ ತೋಡುವುದು, ಗೆಡ್ಡೆ ನೆಡುವುದು. ಆಗ ಆಕೆಗೆ ಇನ್ನೊಂದು ಸಂಗತಿಯೂ ತಿಳಿಯಿತು. ಕುರ್ಚಿಯಲ್ಲಿ ಎದುರುಬದುರು ಕೂತರೆ ಬಾಯಿ ಬಿಡದ ಮನುಷ್ಯ, ಕೈ ಮಣ್ಣಿನಲ್ಲಿದ್ದು ಕಣ್ಣು ನೆಲದ ಮೇಲಿದ್ದರೆ ತನ್ನಷ್ಟಕ್ಕೆ ಮಾತಾಡುತ್ತಾನೆ.

ಊರವರು, "ಪಾಪ, ಆ ಸಿಸ್ಟರಿಗೆ ಹೂವಿನ ಮರುಳು" ಎಂದರು. ಸುಮಿತ್ರಮ್ಮನಿಗೆ ಅಷ್ಟೇ ಬೇಕಿತ್ತು.

ಹೀಗೆ ಡೇರೆ ನೆಟ್ಟ ಮನೆಗಳಲ್ಲಿ ಒಂದು, ಭಂಡಿಗಡಿಯ ತಿರುವಿನಲ್ಲಿ ರಸ್ತೆಗೆ ಮುಖ ಮಾಡಿ ಕೂತ ಜಟ್ಟಪ್ಪನ ಮನೆ. ಜಟ್ಟಪ್ಪ ಖಾಸಗಿ ಬಸ್ಸಿನ ಕಂಡಕ್ಟರು. ಆ ಬಸ್ಸು ನರಸಿಂಹರಾಜಪುರ ಬಿಟ್ಟು ಶೃಂಗೇರಿ ಮುಟ್ಟುವುದರೊಳಗೆ ದಾರಿಯಲ್ಲಿರುವ ಊರುಗಳನ್ನಲ್ಲದೆ ದಾರಿಯಲ್ಲಿಲ್ಲದ ಊರುಗಳನ್ನೂ ಮಾತಾಡಿಸಿಕೊಂಡು ಹೋಗುತ್ತಿತ್ತು. ಜಟ್ಟಪ್ಪನ ಗಂಟಲಿನ ಖ್ಯಾತಿ ಹೇಗಿತ್ತೆಂದರೆ, ಆತ ನರಸಿಂಹರಾಜಪುರದ ಸ್ಟ್ಯಾಂಡಿನಲ್ಲಿ "ಕೊಪ್ಪ ಕೊಪ್ಪ ಕೊಪ್ಪಾ" ಎಂದು ಕೂಗಿದರೆ ಕೊಪ್ಪದಲ್ಲಿ ಬಸ್ಸಿಗೆ ಕಾಯುತ್ತಿದ್ದವರು ಬ್ಯಾಗು ಎತ್ತಿಕೊಳ್ಳುತ್ತಿದ್ದರು.

ಆ ಗಂಟಲು ಒಂದು ಬೇಸಿಗೆ ಕುಸಿಯುತ್ತ ಬಂತು. ಮೊದಲು ತಮಾಷೆ ಹೋಯಿತು, ಆಮೇಲೆ ಕೂಗು ಹೋಯಿತು, ಕೊನೆಗೆ ಮಾತೇ ಹೋಯಿತು. ಬಸ್ಸು ಎಲ್ಲಿ ನಿಂತಿದೆಯೆಂದು ಪ್ರಯಾಣಿಕರು ಮರಗಿಡ ನೋಡಿ ಊಹಿಸಬೇಕಾಯಿತು. ಭಂಡಿಗಡಿಯಲ್ಲಿ ಇಳಿಯಬೇಕಾದವನೊಬ್ಬ ಶೃಂಗೇರಿ ಮುಟ್ಟಿ, ಬಂದದ್ದು ಹೇಗೂ ಬಂದಾಯಿತೆಂದು ದೇವರ ದರ್ಶನ, ಊಟ ಮುಗಿಸಿ ಮರುದಿನ ಮನೆ ಸೇರಿದ. ಜನ ಇದನ್ನು ಜಟ್ಟಪ್ಪನ ಅಹಂಕಾರ ಎಂದರು. ಅನ್ನ ಬಾಯಲ್ಲಿ ಮರಳಾಗುವುದು, ಕೋಳಿ ಕೂಗುವ ಮೊದಲೇ ಎಚ್ಚರವಾಗಿ ಗೋಡೆ ನೋಡುತ್ತ ಕೂರುವುದು, ಇವೆಲ್ಲ ಗೊತ್ತಿದ್ದದ್ದು ಹೆಂಡತಿ ಸೀತಕ್ಕನಿಗೆ ಮಾತ್ರ. ಆಕೆ ಸುಮಿತ್ರಮ್ಮನನ್ನು ದಾರಿಯಲ್ಲಿ ಅಡ್ಡಗಟ್ಟಿ, "ಸಿಸ್ಟರಮ್ಮ, ನಮ್ಮನೆಗೂ ಒಂದು ಹೂವಿನ ಗಿಡ ಬೇಕಿತ್ತು" ಎಂದಳು.

ಅಂಗಳದಲ್ಲಿ ಜಟ್ಟಪ್ಪ ಕುಂಟುಗುದ್ದಲಿ ಹಿಡಿದು ಕೂತ. ಸುಮಿತ್ರಮ್ಮ ಗೆಡ್ಡೆಯ ಮಣ್ಣು ಉದುರಿಸುತ್ತ, ಇನ್ನೂ ಆಳ ತೋಡಬೇಕೇ ಎಂದು ಕೇಳುವಷ್ಟೇ ಸಲೀಸಾಗಿ ಕೇಳಿದರು: "ಜಟ್ಟಪ್ಪಣ್ಣ, ಬದುಕಿದ್ದು ಎಂತಕ್ಕೆ, ಸತ್ತುಹೋಗಾಣ ಅಂತ ಅನ್ನಿಸ್ತದಾ?"

ಗುದ್ದಲಿ ನಿಂತಿತು. ಆತ ಮಣ್ಣಿಗೆ ಹೇಳಿದ: "ಅನ್ನಿಸ್ತದೆ ಸಿಸ್ಟರೇ. ಬಸ್ಸು ಸೇತುವೆ ದಾಟುವಾಗ ದಿನಾ ಅನ್ನಿಸ್ತದೆ."

"ಹೇಳಿದ್ದು ಭಾಳ ಒಳ್ಳೇದಾಯ್ತು. ಇದು ಕಾಯಿಲೆ ಅಣ್ಣ, ಮದ್ದು ಉಂಟು. ನಾಳೆ ನಾವು ಮೂರೂ ಜನ ಡಾಕ್ಟರ ಹತ್ರ ಹೋಗಾಣ. ಅಲ್ಲಿವರೆಗೆ ಸೀತಕ್ಕ ನಿಮ್ಮ ಜೊತೆಗೇ ಇರ್ತಾಳೆ. ಈಗ ಆ ಗೊಬ್ಬರ ಸ್ವಲ್ಪ ಈಕಡೆ ತಳ್ಳಿ."

ಸ್ವಲ್ಪ ದಿನ ರಜೆ, ಗುಳಿಗೆ, ವಾರವಾರ ಸುಮಿತ್ರಮ್ಮನ ಭೇಟಿ, ಅದರ ಜೊತೆಗೆ ಸೀತಕ್ಕನ ಕಾಫಿ. ಗುಳಿಗೆ ಮಂತ್ರದಂಡವಲ್ಲ, ಬಾಯಿ ಒಣಗಿದ್ದೇ ಮೊದಲು ಕಂಡ ಗುಣ. ಆಮೇಲೆ ನಿದ್ದೆ ಬಂತು, ಹಸಿವು ಬಂತು. ಮಾತಂತೂ ಘಾಟಿ ಹತ್ತುವ ಹಳೆ ಲಾರಿಯ ಹಾಗೆ ಕೆಮ್ಮಿಕೊಂಡು, ನಿಂತು ನಿಂತು ಬಂತು. ಡೇರೆ ಮೊಗ್ಗು ಬಿಡುವ ಹೊತ್ತಿಗೆ ಒಂದು ಬೆಳಿಗ್ಗೆ ಸ್ಟ್ಯಾಂಡಿನಲ್ಲಿ "ಕೊಪ್ಪಾ!" ಎಂಬ ಕೂಗು ಎದ್ದಿತು. ಡ್ರೈವರ್ ಬಸವೇಶ್ ಬೆಚ್ಚಿಬಿದ್ದು, ಟೈಮಿಗೆ ಮೊದಲೇ ಬಸ್ಸು ಹೊರಡಿಸಿಬಿಟ್ಟ. ಆ ಬಸ್ಸು ಟೈಮಿಗೆ ಮೊದಲು ಹೊರಟದ್ದು ಅದರ ಆಯಸ್ಸಿನಲ್ಲಿ ಅದೊಂದೇ ಸಲ.

ಎಲ್ಲ ಚೆನ್ನಾಗಿತ್ತು, ಶ್ರಾವಣದವರೆಗೆ. ಶ್ರಾವಣದಲ್ಲಿ ಡೇರೆಗಳು ಒಟ್ಟಿಗೆ ಅರಳಿದವು.

ಕಮ್ಮರಡಿಯ ವನಜಮ್ಮನಿಗೆ ಬಸ್ಸಿನಲ್ಲಿ ಕಿಟಕಿಯ ಸೀಟು ಪಿತ್ರಾರ್ಜಿತ. ಆಕೆಯ ಕಣ್ಣು ಎಂಥದೆಂದರೆ, ಓಡುವ ಬಸ್ಸಿನಿಂದಲೇ ಹಗ್ಗದಲ್ಲಿ ಒಣಗುವ ಪಂಚೆಗೆ ಎಷ್ಟು ತೂತೆಂದು ಹೇಳಬಲ್ಲಳು. ಆಕೆ ಒಂದು ದಿನ ಪಕ್ಕದವಳಿಗೆ ಮೊಣಕೈಯಲ್ಲಿ ತಿವಿದು ಪಿಸುಗುಟ್ಟಿದಳು. ವನಜಮ್ಮನ ಪಿಸುಮಾತು ಬಸ್ಸಿನ ಹಿಂದಿನ ಏಣಿಯವರೆಗೆ ಕೇಳುತ್ತದೆ.

"ಮಾರಾಯ್ತಿ, ಆ ಸಿಸ್ಟರು ಈ ಕೆಂಪು ಡೇರೆ ಎಲ್ರಿಗೂ ಕೊಡಲ್ಲ ಕಣೆ. ನಾನು ಬಾಯಿಬಿಟ್ಟು ಕೇಳಿದ್ರೂ ಕೊಡಲಿಲ್ಲ. ಯಾವ ಮನೇಲಿ ಒಬ್ರಿಗೆ ಮಂಡೆ ಸಮ ಇಲ್ಲವೋ, ಆ ಮನೆಗೆ ಮಾತ್ರ. ನೋಡ್ತಾ ಬಾ ಬೇಕಾದ್ರೆ."

ಅಂದಿನಿಂದ ಪ್ರಯಾಣಿಕರಿಗೆ ಹೊಸ ಆಟ ಸಿಕ್ಕಿತು. "ಅಕಾ, ಅಲ್ಲೊಂದು!" ಎಂದರೆ ಬಸ್ಸಿನ ಜನವೆಲ್ಲ ಎಡಕ್ಕೆ, "ಇಕಾ, ಇಲ್ಲೊಂದು!" ಎಂದರೆ ಎಲ್ಲ ಬಲಕ್ಕೆ. ಬಸ್ಸು ದೋಣಿಯ ಹಾಗೆ ಓಲಾಡುತ್ತ ಹೋಗುತ್ತಿತ್ತು. ಭಂಡಿಗಡಿಯ ತಿರುವು ಬಂದಾಗ ಜಟ್ಟಪ್ಪ ಕಿಟಕಿಗೆ ಅಡ್ಡ ನಿಂತು, ಎರಡು ಕೈ ಅಗಲಿಸಿ, "ಟಿಕೆಟ್! ಟಿಕೆಟ್ ಆಗಿಲ್ದೋರು!" ಎಂದು ಬೊಬ್ಬೆ ಹೊಡೆದ. ಟಿಕೆಟ್ ಆದವರಿಗೂ ಇನ್ನೊಮ್ಮೆ ಕೊಟ್ಟ. ಮನೆಯಲ್ಲಿ ಸೀತಕ್ಕ ಅರಳಿದ ಹೂವನ್ನು ಅರಳಿದಲ್ಲೇ ಕೊಯ್ದು ದೇವರಿಗೆ ಏರಿಸತೊಡಗಿದಳು. ದೇವರ ಪಟ ಕಾಣದೆ ಹೋಗಿ, ಆಕೆ ಕೈಮುಗಿಯುತ್ತಿದ್ದದ್ದು ದೇವರಿಗೋ ಡೇರೆಗೋ ತಿಳಿಯದಂತಾಯಿತು.

ಸುಮಿತ್ರಮ್ಮ ಬಂದಾಗ ಜಟ್ಟಪ್ಪ ಗುಳಿಗೆಯ ಪಟ್ಟಿಯನ್ನು ಜಗಲಿಯ ಮೇಲೆ ಇಟ್ಟು ಕೂತಿದ್ದ.

"ಇದನ್ನ ತಗಂಡು ಹೋಗಿ ಸಿಸ್ಟರೇ. ಇವತ್ತಿಂದ ನಂಗೆ ಕಾಯಿಲೆ ಇಲ್ಲ."

"ಯಾರು ಹೇಳಿದ್ರು?"

"ಡೇರೆ ಕಂಡ ಮನೇಲೆಲ್ಲ ಮಂಡೆ ಸಮ ಇಲ್ಲ ಅಂತ ಬಸ್ಸಲ್ಲಿ ಎಲ್ಲ ಹೇಳ್ತಾ ಇದಾರೆ. ನಿಮ್ಮ ಡೇರೆ ನಮ್ಮ ಮನೆ ಮುಂದೆ ಬೋರ್ಡು ಹಾಕಿದಂಗೆ ನಿಂತದೆ. ದಿನಾ ಐವತ್ತು ಜನರ ಮುಖ ನೋಡಿ ಚಿಲ್ಲರೆ ಕೊಡೋನು ನಾನು. ನಾಳೆ ಅವ್ರು ನನ್ನ ಮುಖ ನೋಡಿ ನಗಾಡಿದ್ರೆ? ಮಾಲೀಕರಿಗೆ ಗೊತ್ತಾಗಿ ಬಸ್ಸಿಂದ ಇಳಿಸಿದ್ರೆ? ಗುಳಿಗೇನೇ ಬಿಟ್ರೆ ರೋಗವೂ ಇಲ್ಲ, ಡೇರೆಯೂ ಇಲ್ಲ."

ಸುಮಿತ್ರಮ್ಮ ಗುಳಿಗೆಯ ಪಟ್ಟಿಯನ್ನು ಕೈಗೆತ್ತಿಕೊಂಡರು. ಯಾರಿಗೂ ಗೊತ್ತಾಗದಿರಲೆಂದು ಹೊರಟು ತಾನು ಮಾಡಿದ್ದೇನು? ಮುಚ್ಚಿಡಬೇಕಾದ ಮನೆಗಳಿಗೇ ಹುಡುಕಿ ಹುಡುಕಿ ಗುರುತು ನೆಟ್ಟು ಬಂದದ್ದು. ಅದೂ ಅಕ್ಕಿರೊಟ್ಟಿಯಗಲದ ಗುರುತು, ಗೊಬ್ಬರ ಹಾಕಿ! ಅದಕ್ಕಿಂತ ಹೆಚ್ಚಾಗಿ, ಈತ ಈಗ ಗುಳಿಗೆ ಬಿಟ್ಟರೆ ಮತ್ತೆ ಆ ಸೇತುವೆ, ಮತ್ತೆ ಆ ಯೋಚನೆ.

"ಜಟ್ಟಪ್ಪಣ್ಣ, ತಪ್ಪು ನನ್ನದು. ಗುಳಿಗೆದಲ್ಲ. ಮುಂದಿನ ಡೇರೆ ಕಾಲದವರೆಗೆ ನಂಗೆ ಟೈಮ್ ಕೊಡಿ. ಅಲ್ಲಿವರೆಗೆ ಗುಳಿಗೆ ಬಿಡಬೇಡಿ."

ಜಟ್ಟಪ್ಪ ಬಹಳ ಹೊತ್ತು ಚೌಕಾಸಿ ಮಾಡಿದ. ಕೊನೆಗೆ, "ಆಯ್ತು. ಆದ್ರೆ ಮುಂದಿನ ಸಲ ಹೂವು ಬಿಟ್ಟಾಗ ಬಸ್ಸಲ್ಲಿ ಕೂತೋರು ನಮ್ಮನೇನ ಬೆರಳು ಮಾಡಿ ತೋರಿಸಿದ್ರೆ, ಅವತ್ತೇ ಗುಳಿಗೆ ತುಂಗೆಗೆ" ಎಂದ.

"ಹೂಂ" ಎಂದರು ಸುಮಿತ್ರಮ್ಮ. ಹೇಗೆಂದು ಅವರಿಗೂ ಗೊತ್ತಿರಲಿಲ್ಲ.

ಮೊದಲು ಡೇರೆಗಳನ್ನೆಲ್ಲ ಕಿತ್ತು ತರಲು ಹೊರಟರು. ಒಂದು ಮನೆಯವರೂ ಬಿಡಲಿಲ್ಲ. ದೇವರಿಗೆ ಏರಿಸುವ ಹೂವಿನ ಗಿಡ ಕೀಳಬಾರದೆಂದು ಸೀತಕ್ಕನೂ ತಡೆದಳು. ತಾವೇ ಸತ್ತಿದ್ದಾಗಿ ಹೇಳಿದ್ದ ಹಿರಿಯರು, ಈಗ ಚೆನ್ನಾಗಿ ಬದುಕಿಕೊಂಡಿದ್ದವರು, ಗಿಡಕ್ಕೆ ಅಡ್ಡ ನಿಂತು, "ಗುಳಿಗೆ ಬೇಕಾದ್ರೆ ವಾಪಸ್ ಕೊಡ್ತೀನಿ, ಡೇರೆ ಮುಟ್ಟಿದ್ರೆ ಜಾಗ್ರತೆ" ಎಂದರು. ಕೀಳಲು ಆಗದಿದ್ದರೆ ಹಂಚೋಣ, ಎಲ್ಲರ ಅಂಗಳದಲ್ಲೂ ಇದ್ದರೆ ಯಾರ ಗುರುತು ಯಾರಿಗೆ ಎಂದುಕೊಂಡು, ಬೇಸಿಗೆಯಲ್ಲಿ ರೋಗಿಗಳ ಮನೆಯಿಂದಲೇ ಹೆಚ್ಚಾದ ಗೆಡ್ಡೆಗಳನ್ನು ಒಟ್ಟುಮಾಡಿ ಊರವರಿಗೆ ಕೊಡಲು ಹೋದರು. ಬೇರೆ ದಿನಗಳಲ್ಲಿ ಪಕ್ಕದ ಮನೆಯ ಗುಲಾಬಿಯನ್ನು ಕುಂಡದ ಸಮೇತ ನುಂಗುವ ಹೆಂಗಸರು ಈಗ ಕೈ ಹಿಂದೆ ಕಟ್ಟಿಕೊಂಡು, "ಬೇಡಪ್ಪ ಬೇಡ, ನಮ್ಮನೇಲಿ ಎಲ್ರೂ ಸಮ ಇದ್ದಾರೆ" ಎಂದು ಬಾಗಿಲು ಹಾಕಿಕೊಂಡರು.

ಸ್ಕೂಟರೂ ಮುನಿಸಿಕೊಂಡು ಗ್ಯಾರೇಜು ಸೇರಿತು. ಸುಮಿತ್ರಮ್ಮ ಗೆಡ್ಡೆಯ ಮೂಟೆ ಎಳೆದುಕೊಂಡು ಬಸ್ಸು ಹತ್ತಿದರು.

"ಎಂತ ಸಿಸ್ಟರೇ ಮೂಟೆ? ಹೆಣದ ಹಾಗೆ ಭಾರ ಉಂಟಲ್ಲ!" ಎಂದ ಜಟ್ಟಪ್ಪ.

"ಯಾರಿಗೂ ಬೇಡದ ಗೆಡ್ಡೆ ಮಾರಾಯ್ರೆ. ಪುಕ್ಕಟೆ ಕೊಡ್ತೀನಿ ಅಂದ್ರೂ ತಗಳೋರಿಲ್ಲ."

ಜಟ್ಟಪ್ಪ ಸೀಟಿ ಊದುವುದನ್ನು ಮರೆತು ಆಕೆಯನ್ನು ನೋಡಿದ. "ಕೊಟ್ರೆ ಯಾರು ತಗಳ್ತಾರೆ? ನೀವು ಈ ಸೀಮೇಲೇ ಹುಟ್ಟಿದೋರು ಹೌದಾ ಅಲ್ವಾ? ಕೊಟ್ಟ ಗಿಡ ಎಲ್ಲಾದ್ರೂ ಚಿಗುರಿದ್ದುಂಟಾ? ಕದ್ದ ಗಿಡವೇ ಚಿಗುರೋದು! ನಮ್ಮಮ್ಮ ಸ್ವಂತ ಅಕ್ಕನ ಮನೆ ಕನಕಾಂಬರ ಕೂಡ ಕದ್ದೇ ತರ್ತಿದ್ಲು. ಮೂಟೆ ಇಲ್ಲೇ ಬಿಟ್ಟು ಹೋಗಿ."

"ಎಂತ ಮಾಡ್ತೀರಿ? ಸುಳ್ಳುಗಿಳ್ಳು ಹೇಳಬೇಡಿ ಮತ್ತೆ."

"ಮುಟ್ಟಬೇಡಿ ಅಂತೀನಿ ಅಷ್ಟೆ. ಅದು ಸುಳ್ಳಾ?"

ಮರುದಿನ ಮೂಟೆ ಡ್ರೈವರ್ ಪಕ್ಕದಲ್ಲಿ, ಬಾಯಿ ಅರ್ಧ ತೆರೆದುಕೊಂಡು ಕೂತಿತ್ತು. ನೆಲದಿಂದ ಕಿತ್ತ ಗೆಡ್ಡೆ ನೋಡಿ ಹೂವಿನ ಬಣ್ಣ ಹೇಳಬಲ್ಲವರು ಯಾರು? ಜಟ್ಟಪ್ಪ ಗಂಟಲು ಸರಿಮಾಡಿಕೊಂಡ.

"ಹೋಯ್! ಈ ಮೂಟೇಲಿರೋದು ಡೇರೆ ಗೆಡ್ಡೆ. ಭಾಳ ದೊಡ್ಡ ಹೂವಿನ ಜಾತಿ. ಇದಕ್ಕೆ ಬೇರೆ ಜನ ಇದ್ದಾರೆ. ಯಾರೂ, ಯಾರೂ ಮುಟ್ಟಬಾರದು! ನಾನೀಗ ಹಿಂದಿನ ಸೀಟಿಗೆ ಟಿಕೆಟ್ ಕೊಡೋಕೆ ಹೋಗ್ತೀನಿ. ಬರೋದು ತಡ ಆಗ್ತದೆ. ಬಸವೇಶಣ್ಣ ರಸ್ತೆ ನೋಡ್ತಾನೆ, ಮೂಟೆ ನೋಡಲ್ಲ. ಅದಕ್ಕೇ ಮೊದಲೇ ಹೇಳ್ತಾ ಇರೋದು!"

ಇಷ್ಟು ಹೇಳಿ ಹಿಂದಕ್ಕೆ ಹೋದವನು, ಹಿಂದಿನ ಸೀಟಿನಲ್ಲಿದ್ದ ಒಬ್ಬನೇ ಒಬ್ಬ ಮುದುಕನಿಗೆ ಚಿಲ್ಲರೆ ಕೊಡಲು ಕಮ್ಮರಡಿ ಮುಟ್ಟುವಷ್ಟು ಹೊತ್ತು ತೆಗೆದುಕೊಂಡ. ಬೇರೆ ಜನ ಎಂದರೆ ಬಾಳೆಹೊನ್ನೂರಿನ ಕಡೆಯ ಯಾವುದೋ ಎಸ್ಟೇಟಿನ ಸಾಹುಕಾರ್ತಿಯೇ ಇರಬೇಕೆಂದು ಪ್ರಯಾಣಿಕರು ತಾವಾಗಿಯೇ ತೀರ್ಮಾನಿಸಿಕೊಂಡಿದ್ದರು. ಮುಂದಿನ ಸೀಟಿಗೆ ಯಾರೂ ಕಾಣದ ಹಾಗೆ ಎಲ್ಲರೂ ಸರಿದುಬಂದರು. ಗೆಡ್ಡೆಗಳು ಟಿಫಿನ್ ಡಬ್ಬಿಗೆ ಹೋದವು, ಸೆರಗಿನ ಗಂಟಿಗೆ ಹೋದವು, ಒಬ್ಬರ ಹೊಸ ಹೆಲ್ಮೆಟ್ಟಿಗೆ ಹೋದವು. ವನಜಮ್ಮ ಎಲ್ಲಕ್ಕಿಂತ ದೊಡ್ಡದನ್ನು ಕೊಡೆಯೊಳಗೆ ಇಳಿಬಿಟ್ಟು, ಬಿಸಿಲಿನಲ್ಲಿ ಕೊಡೆ ಬಿಚ್ಚದೆ ಬೆವರು ಸುರಿಸುತ್ತ ಮನೆಗೆ ನಡೆದಳು. ಮೂಟೆ ಬರಿದಾಯಿತು, ಮತ್ತೆ ತುಂಬಿತು, ಮತ್ತೆ ಬರಿದಾಯಿತು. ಕದ್ದವರು ಕದ್ದದ್ದನ್ನು ಯಾರಿಗೂ ಹೇಳಲಿಲ್ಲ. ಆ ಬೇಸಿಗೆಯಲ್ಲಿ ಮೂರು ತಾಲ್ಲೂಕಿನಲ್ಲಿ ಹೊರಬೀಳದೆ ಉಳಿದ ಏಕೈಕ ಗುಟ್ಟು ಅದು.

ಮಳೆ ಬಂತು, ಶ್ರಾವಣ ಬಂತು. ಗ್ಯಾರೇಜಿನ ಸ್ಕೂಟರಿಗೆ ಇನ್ನೂ ಮೋಕ್ಷವಾಗಿರಲಿಲ್ಲ. ಸುಮಿತ್ರಮ್ಮ ಉಸಿರು ಬಿಗಿಹಿಡಿದು ಬಸ್ಸಿನಲ್ಲಿ ಕೂತರು. ರಸ್ತೆಯ ಎರಡೂ ಕಡೆ ಕೆಂಪೋ ಕೆಂಪು! ಮನೆ ಮುಂದೆ, ಅಂಗಡಿ ಪಕ್ಕ, ಬಸ್ ಸ್ಟಾಪಿನ ಹಿಂದೆ, ಹಾಲಿನ ಡೇರಿಯ ಮೆಟ್ಟಿಲಲ್ಲಿ. ಬಸವೇಶ್ ಮೂರು ಸಲ ಬ್ರೇಕು ಹಾಕಿ ನಾಲ್ಕನೆಯದಕ್ಕೆ ಆಸೆ ಬಿಟ್ಟ.

"ಹಾಗಾದ್ರೆ," ಎಂದಳು ವನಜಮ್ಮನ ಪಕ್ಕದವಳು ಸಣ್ಣ ದನಿಯಲ್ಲಿ, "ಈ ಸೀಮೇಲಿ ಸಮ ಇರೋರು ಯಾರೂ ಇಲ್ವನೇ? ನಿಮ್ಮನೆ ಮುಂದೂ ಒಂದು ಕಂಡಂಗಾಯ್ತು."

"ನಮ್ದು ಅದಲ್ಲ ಮಾರಾಯ್ತಿ! ನಮ್ದು ಬಾಳೆಹೊನ್ನೂರು ಎಸ್ಟೇಟಿನ ಜಾತಿ" ಎಂದು ವನಜಮ್ಮ ಸೆರಗು ಝಾಡಿಸಿದಳು.

ಸುಮಿತ್ರಮ್ಮ ಸೀಟಿಗೆ ಒರಗಿ ಉಸಿರುಬಿಟ್ಟರು. ಅಷ್ಟರಲ್ಲಿ ಭಂಡಿಗಡಿಯ ತಿರುವು ಬಂತು. ವನಜಮ್ಮನ ಬೆರಳು ಬಾಣದ ಹಾಗೆ ಕಿಟಕಿಯಿಂದ ಹೊರಬಂತು.

"ಅಯ್ಯಯ್ಯೋ, ಅಲ್ಲಿ ನೋಡೇ! ಊರಿಗೆಲ್ಲ ಇದೆ, ಆ ಮನೆಯೊಂದಕ್ಕೆ ಡೇರೆ ಇಲ್ಲ! ಎಂತದೋ ಆಗಿದೆ ಅವ್ರಿಗೆ, ಪಾಪ."

ಸುಮಿತ್ರಮ್ಮ ತಿರುಗಿ ನೋಡಿದರು. ಜಟ್ಟಪ್ಪನ ಅಂಗಳ ಬೋಳು. ಮೂಟೆ ತುಂಬಿಸುವ ಹುರುಪಿನಲ್ಲಿ ಆತ ತನ್ನ ಮನೆಯ ಗೆಡ್ಡೆಯನ್ನೂ ಒಂದೂ ಉಳಿಸದೆ ತಂದು ಸುರಿದಿದ್ದ. ಬಸ್ಸಿಗೆ ಬಸ್ಸೇ ಆ ಕಡೆ ವಾಲಿತು. ಕೂತವರೆಲ್ಲ ಅದೇ ಮನೆಗೆ ಬೆರಳು ಮಾಡಿದರು. ಬೆರಳು ಮಾಡಿದರೆ ಗುಳಿಗೆ ತುಂಗೆಗೆ, ಮಾತು ಮಾತೇ. ಸುಮಿತ್ರಮ್ಮನ ಬಾಯಿ, ಯಾವ ಗುಳಿಗೆಯನ್ನೂ ತಿನ್ನದೆ, ಒಣಗಿತು.

ಜಟ್ಟಪ್ಪ ಕಂಬ ಹಿಡಿದು ನಿಂತಿದ್ದ. ತನ್ನ ಬೋಳು ಅಂಗಳ ನೋಡಿದ. ಸುಮಿತ್ರಮ್ಮನ ಮುಖ ನೋಡಿದ. ಆಮೇಲೆ ಅವನ ಹೊಟ್ಟೆಯೊಳಗಿನಿಂದ ನಗು ಎದ್ದಿತು. ಆ ನಗುವಿಗೆ ಬಸ್ಸಿನ ಗಾಜು ಅದುರಿ, ಮೇಲಿಟ್ಟಿದ್ದ ಹಲಸಿನಹಣ್ಣು ಕೆಳಗುರುಳಿ, ಬಸವೇಶ್ ಬಸ್ಸನ್ನೇ ನಿಲ್ಲಿಸಿದ.

"ಅದು ನನ್ನ ಮನೆ ವನಜಕ್ಕ" ಎಂದ ಜಟ್ಟಪ್ಪ, ಕಣ್ಣೊರೆಸಿಕೊಳ್ಳುತ್ತ. "ಎಂತದೋ ಆಗಿತ್ತು, ಹೌದು. ಮಂಡೆ ಸಮ ಇರಲಿಲ್ಲ. ಸಾಯಾಣ ಅನ್ನಿಸ್ತಿತ್ತು. ಈ ಸಿಸ್ಟರು ಡಾಕ್ಟರ ಹತ್ರ ಕರ್ಕಂಡು ಹೋದ್ರು. ಗುಳಿಗೆ ತಗಳ್ತಾ ಇದೀನಿ, ಬೆಳಿಗ್ಗೆಯೂ ತಗಂಡೇ ಬಂದೆ. ಈಗ ಕೂಗ್ತಾ ಇಲ್ವಾ ನಾನು? ಕೇಳ್ತಾ ಇಲ್ವಾ ನಿಮಗೆ?"

ಹಲಸಿನಹಣ್ಣು ಇನ್ನೂ ಉರುಳುತ್ತಿತ್ತು.

ಹಿಂದಿನ ಸೀಟಿನಿಂದ ಯಾರೋ ಕೆಮ್ಮಿ, "ಕೇಳ್ತದೆ ಮಾರಾಯ. ಕೊಪ್ಪಕ್ಕೂ ಕೇಳ್ತದೆ" ಎಂದರು. ಇನ್ಯಾರೋ ಕಿಸಕ್ಕೆಂದರು. ಆ ಮೇಲೆ ಎಲ್ಲರೂ ನಕ್ಕರು. ಜಟ್ಟಪ್ಪ ಹೆದರಿದ್ದ ನಗು ಅದಲ್ಲ. ವನಜಮ್ಮ ಬೆರಳನ್ನು ನಿಧಾನಕ್ಕೆ ಕಿಟಕಿಯೊಳಗೆ ಎಳೆದುಕೊಂಡು ಮಡಿಲಲ್ಲಿ ಮಡಚಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಸುಮಿತ್ರಮ್ಮನ ಕಡೆ ವಾಲಿ, ಈ ಸಲ ನಿಜವಾಗಿಯೂ ಯಾರಿಗೂ ಕೇಳದ ಪಿಸುಮಾತಿನಲ್ಲಿ, "ಸಿಸ್ಟರೇ, ನಂಗೆ ಗಿಡ ಉಂಟು. ಆದ್ರೆ ನಿದ್ದೆ ಇಲ್ಲ, ಭಾಳ ದಿನದಿಂದ. ಒಮ್ಮೆ ನಮ್ಮನೆಗೆ ಕಾಫಿಗೆ ಬರ್ತೀರಾ?" ಎಂದಳು.

ಇನ್ನೊಂದು ಕಾಫಿ! ಸುಮಿತ್ರಮ್ಮ ತಲೆಯಾಡಿಸಿದರು.

ಆಗ ವನಜಮ್ಮ ದೊಡ್ಡ ದನಿಗೆ ಮರಳಿದಳು. "ಜಟ್ಟಪ್ಪಣ್ಣ, ನಿಮ್ಮಂಗಳ ಹಂಗೆ ಬೋಳಾಗಿದ್ರೆ ನೋಡೋಕೆ ಆಗಲ್ಲ. ನಮ್ಮ ಗಿಡದ ಒಂದು ರೆಂಬೆ ತಂದು ಕೊಡ್ತೀನಿ ನಾಳೆ."

"ಛೆ ಛೆ, ಕೊಟ್ರೆ ಚಿಗುರಲ್ಲ ಮಾರಾಯ್ತಿ" ಎಂದ ಜಟ್ಟಪ್ಪ, ಸೀಟಿ ಬಾಯಿಗಿಡುತ್ತ. "ನೀವು ಹಿತ್ತಲ ಕಡೆ ಹೋಗಿರಿ. ನಾನೇ ಬಂದು ಕದೀತೀನಿ. ರೈಟ್ ಹೋಯ್!"